ಎಡಸೀಟಿನ ಕ್ಲಚ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ವಾರಿಜಕ್ಕ ಮೊದಲನೆಯ ಡ್ರೈವಿಂಗ್ ಟೆಸ್ಟಿನಲ್ಲಿ ಫೇಲಾದದ್ದು ಅವರ ಕಾಲಿನ ತಪ್ಪಿನಿಂದಲ್ಲ, ನನ್ನ ಎಡಗಾಲು ಮಾಡಿದ ಉಪಕಾರದಿಂದ. ಈ ಉಪಕಾರವನ್ನು ನಾನು ಸುಮಾರು ಒಂದು ತಿಂಗಳು ದಿನಾ ಮಾಡಿದೆ, ಗುಟ್ಟಾಗಿ ಮಾಡಿದೆ, ಮಾಡುತ್ತಾ ಶಿಳ್ಳೆಯನ್ನೂ ಹೊಡೆದೆ.

ಎರಡು ವರ್ಷದ ಹಿಂದಿನ ಮಾತು. ಮಳೆಗಾಲ ಆಗಷ್ಟೇ ಮುಗಿದಿತ್ತು. ಬೆಳ್ತಂಗಡಿಯ ಲಾಯಿಲದ ಬದಿಯಲ್ಲಿರುವ ಒಂದು ಸಣ್ಣ ಡ್ರೈವಿಂಗ್ ಸ್ಕೂಲಿನಲ್ಲಿ ನಾನು ಇನ್‌ಸ್ಟ್ರಕ್ಟರ್. ವಯಸ್ಸು ಇಪ್ಪತ್ತೇಳು, ಊರು ಶಿರ್ತಾಡಿ, ದಿನಾ ಬೈಕಿನಲ್ಲಿ ಬಂದು ಹೋಗುವವ. ವೃತ್ತಿ ಕಲಿಸುವುದಾದರೂ ಹುಟ್ಟುಚಾಳಿ ಅಣಕಿಸುವುದು. ಯಾರ ನಡಿಗೆ, ಯಾರ ಮಾತು ಕಂಡರೂ ಎರಡು ನಿಮಿಷದಲ್ಲಿ ನನ್ನ ಮೈಗೆ ಹತ್ತಿಬಿಡುತ್ತದೆ. ನಮ್ಮ ಸ್ಕೂಲಿನ ಯಜಮಾನರು ಶೇಖರಣ್ಣ, ಮೂವತ್ತು ವರ್ಷ ಚಾರ್ಮಾಡಿ ಘಾಟಿಯಲ್ಲಿ ಬಸ್ಸು ಓಡಿಸಿದವರು, ಪ್ರತಿ ವಾಕ್ಯಕ್ಕೆ ಮೊದಲು ಒಂದು ಕೆಮ್ಮು ಕೆಮ್ಮುತ್ತಾರೆ. ಆ ಕೆಮ್ಮು ಹಿಡಿದು, ಅವರದೇ ದನಿಯಲ್ಲಿ ಆಫೀಸಿಗೆ ಫೋನು ಮಾಡಿ, ನನಗೆ ನಾನೇ ರಜೆ ಕೊಟ್ಟುಕೊಂಡದ್ದೂ ಉಂಟು.

ಗುರಿ ಇಟ್ಟುಕೊಳ್ಳುವುದರಲ್ಲಿಯೂ ನಾನು ಕಡಿಮೆಯವನಲ್ಲ. ಮೂಡುಬಿದಿರೆಯ ಜಿಮ್ಮಿಗೆ ಸೇರಿದ್ದೆ, ನಾಲ್ಕು ದಿನ ಹೋದೆ. ಬ್ಯಾಂಕ್ ಪರೀಕ್ಷೆಯ ದಪ್ಪ ಪುಸ್ತಕ ತಂದಿದ್ದೆ, ಅದು ಈಗ ಮನೆಯಲ್ಲಿ ಕುಂಟುವ ಮೇಜಿನ ಒಂದು ಕಾಲಿಗೆ ಆಧಾರ. ಬೆಳಿಗ್ಗೆ ಐದಕ್ಕೆ ಏಳಬೇಕೆಂದು ಇಟ್ಟ ಅಲಾರಾಂ ನನ್ನನ್ನು ಬಿಟ್ಟು ಅಜ್ಜಿಯನ್ನು ಎಬ್ಬಿಸುತ್ತಿತ್ತು. ಇಂಥವನ ಕೈಗೆ, ಅಲ್ಲ ಕಾಲಿಗೆ, ವಾರಿಜಕ್ಕ ಸಿಕ್ಕಿದರು.

ಅವರಿಗೆ ಆಗ ನಲವತ್ತಾರು. ಇಪ್ಪತ್ತಾರು ವರ್ಷದಿಂದ ಬೀಡಿ ಕಟ್ಟುವ ಕೆಲಸ. ಬೀಡಿ ಎಲೆ ಬರುವುದು ಕಡಿಮೆಯಾಗಿ, ವಾರದಲ್ಲಿ ಮೂರು ದಿನ ಸುಮ್ಮನೆ ಕೂರುವ ಹಾಗಾಗಿತ್ತು. ಅದೇ ಹೊತ್ತಿಗೆ ಅವರ ಪಂಚಾಯಿತಿಗೆ ಕಸ ಸಾಗಿಸುವ ಹೊಸ ಗಾಡಿ ಬಂತು. ಅದನ್ನು ನಡೆಸುವ ಜವಾಬ್ದಾರಿ ಮಹಿಳೆಯರ ಸ್ವಸಹಾಯ ಗುಂಪಿಗೆ. ಡ್ರೈವರ್ ಕೂಡ ಗುಂಪಿನವರೇ ಆಗಬಹುದು ಎಂದಾಗ ಹನ್ನೊಂದು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ವಾರಿಜಕ್ಕ ಎದ್ದು, "ನಾನು ಓಡಿಸ್ತೇನೆ" ಎಂದರಂತೆ. ಹಿಂದಿನಿಂದ ಯಾರೋ ನಕ್ಕದ್ದು ಕೇಳಿಸಿತಂತೆ. ಮರುದಿನವೇ ಹೋಗಿ ಎಲ್‌ಎಲ್‌ಆರ್ ಮಾಡಿಸಿಕೊಂಡರು. ಎಲ್‌ಎಲ್‌ಆರ್ ಎಂದರೆ ಕಲಿಯುವವರಿಗೆ ಕೊಡುವ ಪರವಾನಗಿ. ಅದರ ಆಯುಸ್ಸು ಆರು ತಿಂಗಳು. ಆಮೇಲೆ ಮಗಳ ಹೆರಿಗೆ, ಬಾಣಂತನ, ಮಳೆ ಎಂದು ನಾಲ್ಕು ತಿಂಗಳು ಕಳೆಯಿತು. ನಮ್ಮಲ್ಲಿಗೆ ಬರುವಾಗ ಉಳಿದದ್ದು ಐವತ್ತೆಂಟು ದಿನ.

"ಎಷ್ಟು ದಿನದಲ್ಲಿ ಕಲೀಬಹುದು ಮಾಷ್ಟ್ರೇ?" ಎಂದು ಕೇಳಿದರು.

"ಅದು ಕಲಿಯುವವರ ಮೇಲೆ ಉಂಟು ಅಕ್ಕ. ಕೆಲವರಿಗೆ ಇಪ್ಪತ್ತು ದಿನ ಸಾಕು, ಕೆಲವರಿಗೆ ಎರಡು ಕಾರು ಬೇಕು."

ಅವರು ನಗಲಿಲ್ಲ. "ದಿನಕ್ಕೆ ಇಷ್ಟು ಅಂತ ಇಲ್ಲದೆ ನನಗೆ ಕೆಲಸ ಮಾಡಿ ಅಭ್ಯಾಸ ಇಲ್ಲ. ಲೆಕ್ಕ ಹೇಳಿ" ಎಂದರು.

ಬೀಡಿ ಕಟ್ಟುವವರ ಕ್ರಮ ಅದು. ಬೆಳಿಗ್ಗೆ ಮೊರ ಮಡಿಲಿಗೆ ಇಟ್ಟುಕೊಳ್ಳುವಾಗಲೇ ಇವತ್ತು ಇಷ್ಟು ಕಟ್ಟು ಎಂದು ಮನಸ್ಸಿನಲ್ಲಿ ಗೆರೆ ಹಾಕಿಕೊಳ್ಳುತ್ತಾರೆ. ಆ ಗೆರೆ ಮುಟ್ಟದೆ ಏಳುವುದಿಲ್ಲ. ಕಟ್ಟಿದ್ದನ್ನು ಬೀಡಿ ಕಂಪನಿಯ ಬ್ರಾಂಚಿಗೆ ಕೊಡುವಾಗ ಅಲ್ಲಿಯ ಚೆಕ್ಕರ್ ಕಟ್ಟು ಹಿಸುಕಿ ನೋಡಿ, ಸಡಿಲ ಇದ್ದದ್ದನ್ನು ಬದಿಗೆ ಎಸೆಯುತ್ತಾನೆ. ಹೀಗಾಗಿ ಎಣಿಕೆ ಮತ್ತು ಗಟ್ಟಿತನ ಎರಡೂ ಅವರ ಬೆರಳಿನಲ್ಲೇ ಉಂಟು. ವಾರಿಜಕ್ಕ ಮೊದಲ ದಿನವೇ ಒಂದು ಗೆರೆ ಪುಸ್ತಕ ತಂದರು. ಒಂದು ಸಾಲಿನಲ್ಲಿ ಗಾಡಿ ಎಷ್ಟು ಸಲ ಹೊರಡಿಸಿದೆ, ಇನ್ನೊಂದರಲ್ಲಿ ಎಷ್ಟು ಸಲ ಆಫ್ ಆಯಿತು. ಅವರು ಇಟ್ಟುಕೊಂಡ ಗುರಿ: ಟೆಸ್ಟಿಗೆ ಹೋಗುವ ಮೊದಲು ಎರಡನೆಯ ಸಾಲಿನಲ್ಲಿ ಸೊನ್ನೆ ಬರಬೇಕು.

ಮೊದಲ ನಾಲ್ಕು ದಿನ ಹದಿನಾಲ್ಕು, ಹದಿನೇಳು, ಹನ್ನೆರಡು, ಹದಿನೈದು. ಕ್ಲಚ್ಚನ್ನು ಅವರು ಬಿಡುತ್ತಿದ್ದದ್ದು ಬಿಸಿ ಪಾತ್ರೆ ಮುಟ್ಟಿದವರು ಕೈ ಬಿಡುವ ಹಾಗೆ. ಐದನೆಯ ದಿನ ಪೇಟೆಯ ಸರ್ಕಲ್ಲಿನಲ್ಲಿ ಗಾಡಿ ಮೂರು ಸಲ ಆಫ್ ಆಯಿತು. ಹಿಂದೆ ಬಸ್ಸು. ಹಾರ್ನು ನಿಲ್ಲುವುದೇ ಇಲ್ಲ. ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಗೆ ಬಂದವು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ, "ಅಕ್ಕ, ತಳ್ಳಬೇಕಾ, ಹೊರಬೇಕಾ?" ಎಂದು ಕೂಗಿದ. ವಾರಿಜಕ್ಕನ ಕಿವಿ ಕೆಂಪಾಯಿತು. ನಾನು ಎಡಗಾಲು ಒತ್ತಿದೆ.

ಇಲ್ಲಿ ಒಂದು ವಿಷಯ ಹೇಳಬೇಕು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಎಡಸೀಟಿನ ಮುಂದೆಯೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತದೆ. ಇದಕ್ಕೆ ಡ್ಯುಯಲ್ ಕಂಟ್ರೋಲ್ ಎನ್ನುತ್ತಾರೆ. ಒಂದು ರಾಡಿನ ಮೂಲಕ ಅದು ಚಾಲಕರ ಪೆಡಲಿಗೆ ಸೇರಿರುತ್ತದೆ. ಇರುವುದು ಅಪಾಯದ ಹೊತ್ತಿಗೆ. ಆದರೆ ಕಲಿಯುವವರು ಕ್ಲಚ್ಚನ್ನು ಥಟ್ಟನೆ ಬಿಟ್ಟಾಗ ನಾನು ನನ್ನದನ್ನು ಸ್ವಲ್ಪ ಒತ್ತಿ ಹಿಡಿದರೆ ಅವರ ಪೆಡಲ್ಲೂ ಕೆಳಗೇ ನಿಂತು ಎಂಜಿನ್ ಉಳಿಯುತ್ತದೆ. ಹೊಸಬರಿಗೆ ಅದು ಗೊತ್ತಾಗುವುದಿಲ್ಲ, ಈ ಗಾಡಿಯ ಸ್ವಭಾವವೇ ಹೀಗೆ ಎಂದುಕೊಳ್ಳುತ್ತಾರೆ.

ಆ ದಿನ ಕರುಣೆಯಿಂದ ಒತ್ತಿದೆ, ನಿಜ. ಮರುದಿನ ಒತ್ತಿದ್ದು ಅಭ್ಯಾಸದಿಂದ. ಅದರ ಮರುದಿನದಿಂದ ಜಂಬದಿಂದ. "ನನ್ನ ಸ್ಟೂಡೆಂಟುಗಳ ಗಾಡಿ ರೋಡಲ್ಲಿ ಆಫ್ ಆಗುವುದಿಲ್ಲ" ಎಂದು ನಾನು ಎಲ್ಲರೆದುರು ಹೇಳಿಕೊಳ್ಳುತ್ತಿದ್ದೆ. ವಾರಿಜಕ್ಕನ ಪುಸ್ತಕದಲ್ಲಿ ಮೂರು ಬಂತು, ಒಂದು ಬಂತು, ಆಮೇಲೆ ಸೊನ್ನೆ, ಸೊನ್ನೆ, ಸೊನ್ನೆ. ಪ್ರತಿ ಸೊನ್ನೆಯನ್ನೂ ಅವರು ಮುತ್ತು ಪೋಣಿಸಿದ ಹಾಗೆ ದುಂಡಗೆ ಬರೆಯುತ್ತಿದ್ದರು. ನಾನು ಪಕ್ಕದಲ್ಲಿ ಕೈ ಕಟ್ಟಿ ಕುಳಿತು ಶಿಳ್ಳೆ.

ಮೊದಲನೆಯ ಟೆಸ್ಟು ಬಂಟ್ವಾಳದ ಕಡೆ. ಎಲ್‌ಎಲ್‌ಆರ್ ಮುಗಿಯಲು ಇನ್ನು ಇಪ್ಪತ್ತು ದಿನ. ಸಾಲಿನಲ್ಲಿ ನಿಂತು ನಮ್ಮ ಸರದಿ ಬಂದಾಗ ಇನ್‌ಸ್ಪೆಕ್ಟರರು, ಮಾತು ಬಹಳ ಕಡಿಮೆಯ ಮನುಷ್ಯ, ನನ್ನನ್ನು ನೋಡಿ ಎರಡೇ ಶಬ್ದ ಹೇಳಿದರು: "ನೀವು ಇಳೀರಿ." ನಾನು ಇಳಿದೆ. ಅವರು ನನ್ನ ಜಾಗದಲ್ಲಿ ಕುಳಿತು, ಎರಡೂ ಕಾಲನ್ನು ಹಿಂದಕ್ಕೆ ಮಡಚಿಕೊಂಡರು. ಆಗ ಮಾತ್ರ ನನಗೆ ಹೊಳೆಯಿತು, ಇವತ್ತು ಎಡಗಡೆಯಿಂದ ಕ್ಲಚ್ಚು ಒತ್ತುವವರಿಲ್ಲ.

ಸಮತಟ್ಟಿನಲ್ಲಿ ತಡವರಿಸುತ್ತಲೇ ಪಾರಾದರು. ಮುಂದೆ ಏರು. ಏರಿನ ನಡುವೆ ನಿಲ್ಲಿಸಿ, ಗಾಡಿ ಹಿಂದೆ ಜಾರದ ಹಾಗೆ ಮತ್ತೆ ಹೊರಡಬೇಕು. ನಿಲ್ಲಿಸಿದರು. ಹೊರಟರು. ಆಫ್. ಮತ್ತೆ ಸ್ಟಾರ್ಟ್. ಆಫ್. ಮೂರನೆಯ ಸಲ ಗಾಡಿ ಆಫ್ ಆಗಿ ಎರಡು ಮಾರು ಹಿಂದಕ್ಕೆ ಜಾರಿತು. ಇನ್‌ಸ್ಪೆಕ್ಟರರ ಕಾಲು ಬ್ರೇಕಿಗೆ ಹೋದದ್ದು ನನಗೆ ದೂರದಿಂದಲೇ ತಿಳಿಯಿತು. ಇಳಿದು ಬಂದು, ಕಾಗದದಲ್ಲಿ ಬರೆದು, ಮುಂದಿನವರನ್ನು ಕರೆದರು.

ವಾಪಸು ಬರುವಾಗ ವಾರಿಜಕ್ಕ ಹಿಂದಿನ ಸೀಟಿನಲ್ಲಿ. ಪುಂಜಾಲಕಟ್ಟೆ ದಾಟಿತು, ಮಡಂತ್ಯಾರು ದಾಟಿತು. ಕನ್ನಡಿಯಲ್ಲಿ ನೋಡಿದರೆ ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ತಿರುಗಿಸುತ್ತಿದ್ದಾರೆ. ಗುರುವಾಯನಕೆರೆ ಬಂದಾಗ ಒಮ್ಮೆ ಮಾತ್ರ ಕೇಳಿದರು, "ಇಷ್ಟು ದಿನ ಆಫ್ ಆಗದ ಗಾಡಿ ಇವತ್ತೇ ಯಾಕೆ ಆಯ್ತು?"

"ಟೆನ್ಷನ್ ಅಕ್ಕ" ಎಂದೆ. ಟೆನ್ಷನ್ ಇದ್ದದ್ದು ನನಗೆ.

ಸ್ಕೂಲಿಗೆ ಬಂದರೆ ಅಂಗಳದಲ್ಲಿ ಶೇಖರಣ್ಣ, ನಾಲ್ಕು ಜನ ಕಾಲೇಜು ಮಕ್ಕಳು. "ಏನಾಯ್ತು, ಏನಾಯ್ತು?" ಎಂದು ಮುತ್ತಿಕೊಂಡರು. ತಪ್ಪು ಮುಚ್ಚಿಕೊಳ್ಳಲು ನನಗೆ ಗೊತ್ತಿರುವ ದಾರಿ ಒಂದೇ, ನಗಿಸುವುದು. ಎರಡು ಪ್ಲಾಸ್ಟಿಕ್ ಕುರ್ಚಿ ಎಳೆದೆ. ಬಲಗಡೆಯ ಕುರ್ಚಿಯಲ್ಲಿ ವಾರಿಜಕ್ಕನಾಗಿ ಕುಳಿತೆ: ಮೂಗು ಗಾಜಿಗೆ ತಾಗುವಷ್ಟು ಮುಂದೆ ಬಾಗಿ, ತುಟಿ ಕಚ್ಚಿ, ಗೇರು ಹಾಕುವಾಗ ಕಣ್ಣು ಮುಚ್ಚಿ. ಮಕ್ಕಳು ಬಿದ್ದು ಬಿದ್ದು ನಕ್ಕರು. ಎಡಗಡೆಗೆ ಹಾರಿ ನಾನೇ ಆದೆ. ನನ್ನನ್ನು ನಾನು ಅಣಕಿಸುವುದರಲ್ಲಿಯೂ ಕೈ ಬಿಗಿ ಹಿಡಿಯುವವನಲ್ಲ: ಕೈ ಕಟ್ಟಿ, ಮೂತಿ ಉಬ್ಬಿಸಿ, ಶಿಳ್ಳೆ ಹೊಡೆಯುತ್ತಾ, ಊರಿಗೆಲ್ಲ ನಾನೇ ಮಾಷ್ಟ್ರು ಎನ್ನುವ ಹಾಗೆ. ಮತ್ತೆ ಬಲಗಡೆ, ಮತ್ತೆ ಎಡಗಡೆ. ನಗು ಏರುತ್ತಿತ್ತು. ವಾರಿಜಕ್ಕ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದರು.

"ಅದೇ ಒಮ್ಮೆ ಪುನಃ ಮಾಡಿ" ಎಂದರು.

"ಯಾವುದು ಅಕ್ಕ, ನಿಮ್ಮದಾ?"

"ಅಲ್ಲ. ನಿಮ್ಮದು. ನಾನು ಗಾಡಿ ಹೊರಡಿಸುವಾಗ ನೀವು ಕೂರುವುದು."

ಹುಮ್ಮಸ್ಸಿನಲ್ಲಿ ಮಾಡಿದೆ. ಕೈ ಕಟ್ಟಿದೆ, ಶಿಳ್ಳೆ ಹೊಡೆದೆ. ಅವರ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ನೆಲದ ಮೇಲಿತ್ತು. ನಾನೂ ನೋಡಿದೆ. ನನ್ನ ಎಡಗಾಲು ತನ್ನಷ್ಟಕ್ಕೆ ಮುಂದೆ ಚಾಚಿ, ಇಲ್ಲದ ಪೆಡಲನ್ನು ಮೆಲ್ಲಗೆ ಒತ್ತಿ ಹಿಡಿದಿತ್ತು. ಇನ್ನೊಬ್ಬರ ಒಂದು ಕೆಮ್ಮನ್ನೂ ಬಿಡದ ನನ್ನ ಮೈ ನನ್ನದನ್ನೂ ಬಿಟ್ಟಿರಲಿಲ್ಲ.

ಅವರು ಪುಸ್ತಕ ತೆರೆದು ನನ್ನ ಮುಂದೆ ಹಿಡಿದರು. "ಈ ಸೊನ್ನೆಗಳು ಯಾರದ್ದು ಮಾಷ್ಟ್ರೇ?"

ನಾಲಗೆಗೆ ಮೂರು ಜೋಕು ಬಂದವು. ಒಂದೂ ಹೊರಗೆ ಬರಲಿಲ್ಲ. "ನನ್ನದು ಅಕ್ಕ. ಎಲ್ಲ ಅಲ್ಲ, ಹೆಚ್ಚಿನದ್ದು" ಎಂದೆ.

"ಎಷ್ಟು?"

"ಗೊತ್ತಿಲ್ಲ. ನಾನು ಎಣಿಸಲಿಲ್ಲ."

"ನಾನು ಎಣಿಸಿದ್ದೆ." ಅಲ್ಲೇ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ಒಂದೊಂದು ಸೊನ್ನೆಯ ಮೇಲೂ ಗೆರೆ ಎಳೆದರು. ಪುಟ ತಿರುಗಿಸಿದರು, ಎಳೆದರು. ಮಕ್ಕಳು ಮೆಲ್ಲಗೆ ಗೇಟಿನ ಕಡೆ ಸರಿದರು. "ಬೇರೆಯವರು ಕಟ್ಟಿದ ಬೀಡಿಯನ್ನು ನನ್ನ ಲೆಕ್ಕಕ್ಕೆ ಸೇರಿಸಿ ಬ್ರಾಂಚಿಗೆ ಕೊಟ್ಟವಳಲ್ಲ ನಾನು. ಇಪ್ಪತ್ತಾರು ವರ್ಷದಲ್ಲಿ ಒಂದು ದಿನ ಇಲ್ಲ. ಇಲ್ಲಿ ಒಂದು ತಿಂಗಳು ಕೊಟ್ಟ ಹಾಗಾಯ್ತು."

ಶೇಖರಣ್ಣ ಕೆಮ್ಮಿದರು. "ವಾರಿಜಾ, ಇವನು ಬೇಡ. ನಾಳೆಯಿಂದ ನಾನೇ ಬರ್ತೇನೆ."

"ಬೇಡ ಅಣ್ಣ. ಹಾಳು ಮಾಡಿದವರೇ ಸರಿ ಮಾಡಲಿ."

ಆಮೇಲೆ ಕುಳಿತು ದಿನ ಲೆಕ್ಕ ಹಾಕಿದೆವು. ಫೇಲಾದವರು ಏಳು ದಿನ ಕಾದ ಮೇಲೆ ಮತ್ತೆ ಟೆಸ್ಟಿಗೆ ಹೋಗಬಹುದು. ಆದರೆ ಸ್ಲಾಟು, ಅಂದರೆ ಆನ್‌ಲೈನಿನಲ್ಲಿ ಮೊದಲೇ ಕಾದಿರಿಸುವ ಸಮಯ, ಸಿಕ್ಕಿದ್ದು ಹದಿನೆಂಟನೆಯ ದಿನಕ್ಕೆ. ಅದರ ಮರುದಿನ ಪಂಚಾಯಿತಿ ಸಭೆ. ಅಷ್ಟರೊಳಗೆ ಗುಂಪಿನಲ್ಲಿ ಯಾರಿಗೂ ಲೈಸೆನ್ಸ್ ಆಗದಿದ್ದರೆ ಗಾಡಿ ಸುಮ್ಮನೆ ನಿಲ್ಲಿಸಲು ಆಗುವುದಿಲ್ಲ, ಪಿಕಪ್ ಓಡಿಸುವ ಒಬ್ಬ ಹುಡುಗನನ್ನು ತಾತ್ಕಾಲಿಕವಾಗಿ ಹಾಕುತ್ತೇವೆ ಎಂದು ಪಂಚಾಯಿತಿಯವರು ಹೇಳಿದ್ದರು. ತಾತ್ಕಾಲಿಕ ಎಂದರೆ ಅವನ ಕೂದಲು ಬೆಳ್ಳಗಾಗುವ ತನಕ ಎಂದು ಎಲ್ಲರಿಗೂ ಗೊತ್ತಿತ್ತು. ಒಳ್ಳೆಯ ಹುಡುಗ, ನನ್ನದೇ ಸ್ಟೂಡೆಂಟ್. ಅವನ ಸೊನ್ನೆಗಳು ಯಾರವು ಎಂದು ಈಗ ಕೇಳಬೇಡಿ. ವಾರಿಜಕ್ಕ ಎರಡನೆಯ ಸಲವೂ ಫೇಲಾದರೆ ಎಲ್‌ಎಲ್‌ಆರ್ ಸಾಯುತ್ತದೆ. ಹೊಸದು ಮಾಡಿಸಿ, ಮೂವತ್ತು ದಿನ ಕಾಯಬೇಕು. ಅಷ್ಟರಲ್ಲಿ ಸ್ಟಿಯರಿಂಗ್ ಬೇರೆಯವರ ಕೈಯಲ್ಲಿ, ಇವರು ಹಿಂದೆ ನಿಂತು ಚೀಲ ಎತ್ತುವವರು.

ಅವರು ಒಂದೇ ಶರತ್ತು ಹಾಕಿದರು. ಎಡಸೀಟಿನ ಕ್ಲಚ್ಚು ತೆಗೆಸಬೇಕು.

ಸಂಜೆಯೇ ಮೆಕ್ಯಾನಿಕ್ ಹಮೀದಾಕನ ಗ್ಯಾರೇಜಿಗೆ ಹೋದೆವು. ಹಮೀದಾಕ ಕಾರಿನ ಕೆಳಗಿನಿಂದಲೇ ಕೇಳಿದ, "ಬ್ರೇಕ್ ಕೂಡ ತೆಗೆಯುವುದಾ?"

"ಬ್ರೇಕ್ ಇರಲಿ" ಎಂದರು ವಾರಿಜಕ್ಕ. "ಸಾಯುವ ಗುರಿ ನಾನು ಇಟ್ಟುಕೊಂಡಿಲ್ಲ."

ಹಮೀದಾಕ ರಾಡು ಬಿಚ್ಚಿ ನನ್ನ ಕೈಗೆ ಕೊಟ್ಟು, "ಹಿಡಿ ಮಾರಾಯ, ಮನೆಯಲ್ಲಿ ಗೋಡೆಗೆ ನೇತುಹಾಕು" ಎಂದ. ಪೆಡಲ್ಲು ಮಾತ್ರ ಅಲ್ಲೇ ಉಳಿಯಿತು, ಏನೂ ಕೆಲಸ ಇಲ್ಲದೆ, ಒತ್ತಿದರೆ ತಡಕ್ ಎಂದು ಶಬ್ದ ಮಾಡುತ್ತಾ.

ಮರುದಿನದಿಂದ ಬೆಳಿಗ್ಗೆ ಆರು ಗಂಟೆಗೆ, ಬೇರೆ ಕ್ಲಾಸು ಶುರುವಾಗುವ ಮೊದಲು, ಲಾಯಿಲದಿಂದ ಒಳಗೆ ಹೋಗುವ ಒಂದು ಏರುರಸ್ತೆ. ಶಿರ್ತಾಡಿಯಿಂದ ಆರಕ್ಕೆ ಅಲ್ಲಿ ಇರಬೇಕಾದರೆ ನಾಲ್ಕೂವರೆಗೆ ಏಳಬೇಕು. ಎದ್ದೆ. ಎರಡನೆಯ ದಿನ ಅಜ್ಜಿ ಅನುಮಾನದಿಂದ, "ಯಾರ ಮನೆಯ ಹುಡುಗಿ?" ಎಂದು ಕೇಳಿದಳು. "ಬೀಡಿ ಕಟ್ಟುವವರು, ಈಚೆಗೆ ಅಜ್ಜಿ ಆಗಿದ್ದಾರೆ" ಎಂದೆ.

ದಿನಕ್ಕೆ ಅರುವತ್ತು ಸಲ ಏರಿನಲ್ಲಿ ನಿಲ್ಲಿಸಿ ಹೊರಡುವುದು ಎಂದು ವಾರಿಜಕ್ಕ ಗೆರೆ ಹಾಕಿಕೊಂಡರು. ಮೊದಲ ದಿನ ಅರುವತ್ತರಲ್ಲಿ ಗಾಡಿ ಆಫ್ ಆದದ್ದು ನಲವತ್ತೊಂದು. ಬರೆದುಕೊಂಡರು, ಸೊನ್ನೆ ಬರೆಯುತ್ತಿದ್ದಷ್ಟೇ ಚಂದವಾಗಿ. ಸಮಸ್ಯೆ ಅವರದೊಂದೇ ಆಗಿರಲಿಲ್ಲ. ಅವರು ಕ್ಲಚ್ಚು ಬಿಡುವ ಹೊತ್ತಿಗೆ ನನ್ನ ಎಡಗಾಲು ಆ ಸತ್ತ ಪೆಡಲನ್ನು ಒತ್ತುತ್ತಿತ್ತು. ತಡಕ್.

"ಕಾಲು" ಎನ್ನುತ್ತಿದ್ದರು ವಾರಿಜಕ್ಕ, ರಸ್ತೆಯಿಂದ ಕಣ್ಣು ತೆಗೆಯದೆ.

ತಡಕ್.

"ಕಾಲು ಮಾಷ್ಟ್ರೇ."

ಕ್ಲಾಸು ಮುಗಿದಾಗ ಪುಸ್ತಕದಲ್ಲಿ ಮೂರನೆಯ ಸಾಲು ಹುಟ್ಟಿತ್ತು. ಮೇಲೆ ಬರೆದಿತ್ತು: ಮಾಷ್ಟ್ರ ಕಾಲು. ಕೆಳಗೆ: ಮೂವತ್ತೇಳು.

"ಇದೆಂತದ್ದು ಅಕ್ಕ?"

"ನಾನೊಬ್ಬಳೇ ಕಲಿಯುವುದಾ? ನೀವೂ ಕಲೀರಿ. ನನ್ನ ಹತ್ತಿರ ಪುಸ್ತಕ ಉಂಟಲ್ಲ, ಜಾಗ ಉಂಟು."

ಜಿಮ್ಮಿನವನು, ಬ್ಯಾಂಕ್ ಪರೀಕ್ಷೆಯವನು ನನ್ನನ್ನು ಹೀಗೆ ಹಿಡಿದುಹಾಕಿರಲಿಲ್ಲ. ಅಲ್ಲಿ ನಾನು ಹೋಗದಿದ್ದರೆ ಕೇಳುವವರಿಲ್ಲ. ಇಲ್ಲಿ ಪ್ರತಿ ತಡಕ್‌ಗೂ ಒಂದು ಗೆರೆ. ಅವರದು ನಲವತ್ತೊಂದರಿಂದ ಮೂವತ್ತಕ್ಕೆ, ಇಪ್ಪತ್ತೆರಡಕ್ಕೆ ಇಳಿಯಿತು. ಒಂದು ದಿನ ಕಾಲುನೋವಿನಿಂದ ಮತ್ತೆ ಇಪ್ಪತ್ತೊಂಬತ್ತಕ್ಕೆ ಏರಿತು. ಇಪ್ಪತ್ತಾರು ವರ್ಷ ಚಕ್ಕಂಬಕ್ಕಳ ಹಾಕಿ ಕುಳಿತ ಮೊಣಕಾಲು, ಅರುವತ್ತು ಸಲ ಕ್ಲಚ್ಚು ತುಳಿದರೆ ಊದಿಕೊಳ್ಳುತ್ತಿತ್ತು. ಆ ದಿನ ನಲವತ್ತು ಆದಾಗ, "ಇವತ್ತಿಗೆ ಸಾಕು ಅಕ್ಕ" ಎಂದೆ. ಅವರು ಬಾಟಲಿಯ ನೀರು ಕುಡಿದು, ಮೊಣಕಾಲಿಗೆ ಎಣ್ಣೆ ತಿಕ್ಕಿ, "ಗೆರೆ ಎಲ್ಲಿ ಹಾಕಿದ್ದು?" ಎಂದರು. ಅರುವತ್ತು ಮುಗಿಸಿಯೇ ಇಳಿದರು. ನನ್ನದು ಮೂವತ್ತೇಳರಿಂದ ಮೂವತ್ತೈದಕ್ಕೆ ಇಳಿದಿತ್ತು. ಸ್ಟೂಡೆಂಟು ನಾನೇ ದಡ್ಡ.

ಕಾಲನ್ನು ಸೀಟಿನ ಕೆಳಗೆ ಮಡಚಿ ನೋಡಿದೆ, ಚಪ್ಪಲಿ ಬಿಚ್ಚಿ ನೋಡಿದೆ. ಕೊನೆಗೆ ಅರ್ಥವಾದದ್ದು ಇಷ್ಟು: ಅವರ ಗಾಡಿ ನಡುಗುವಾಗ ನನಗೆ ಭಯವಾಗುತ್ತದೆ, ಆ ಭಯ ತಡೆಯಲಾರದೆ ಒತ್ತುತ್ತೇನೆ. ನಾನು ಇಷ್ಟು ದಿನ ಕರುಣೆ ಎಂದು ಹೆಸರಿಟ್ಟದ್ದು ಅದಕ್ಕೆ.

ಟೆಸ್ಟಿಗೆ ಇನ್ನು ನಾಲ್ಕು ದಿನ. ಹಿಂದಿನ ದಿನ ಅವರ ಲೆಕ್ಕ ಆರಕ್ಕೆ ಬಂದಿತ್ತು, ನನ್ನದು ಒಂಬತ್ತಕ್ಕೆ. ಆ ಬೆಳಿಗ್ಗೆ ಅರುವತ್ತು ಮುಗಿಯುವಾಗ ಹೊತ್ತೇರಿತ್ತು. ಕೊನೆಯದ್ದು ಉಳಿದಿತ್ತು. ಏರಿನ ನಡುವೆ ಎದುರಿನಿಂದ ಕಲ್ಲಿನ ಲಾರಿ ಬಂತು ಎಂದು ನಿಲ್ಲಿಸಿದರು. ಕನ್ನಡಿಯಲ್ಲಿ ನೋಡುತ್ತೇನೆ, ಹಿಂದೆ ಮೂರು ಅಡಿ ದೂರದಲ್ಲಿ ಶಾಲೆಯ ವ್ಯಾನು. ಗಾಜಿನ ಹಿಂದೆ ಮಕ್ಕಳ ತಲೆಗಳು. ಲಾರಿ ದಾಟಿತು. ವ್ಯಾನಿನವನು ಹಾರ್ನು ಒತ್ತಿದ.

ವಾರಿಜಕ್ಕ ಹೊರಟರು. ಆಫ್.

ಗಾಡಿ ಹಿಂದಕ್ಕೆ ಜಾರಿತು, ಒಂದು ಗೇಣು. ನನ್ನ ಬಲಗಾಲು ಬ್ರೇಕಿನ ಮೇಲೆ ಹೋಗಿ ನಿಂತಿತು. ಒತ್ತಲು ಒಂದು ಉಸಿರು ಬಾಕಿ.

"ಇನ್ನೂ ಬೇಡ" ಎಂದರು ವಾರಿಜಕ್ಕ.

ಅವರು ಬ್ರೇಕು ತುಳಿದಾಗಿತ್ತು, ಹ್ಯಾಂಡ್‌ಬ್ರೇಕು ಎಳೆದಾಗಿತ್ತು. ಗಾಡಿ ನಿಂತಿತ್ತು. ಹಾರ್ನು ಮತ್ತೆ. ಅವರ ಕುತ್ತಿಗೆಯಲ್ಲಿ ಬೆವರು ಇಳಿಯುವುದು ಕಾಣುತ್ತಿತ್ತು, ಆದರೆ ಕಿವಿ ಕೆಂಪಾಗಿರಲಿಲ್ಲ. ಕೀ ತಿರುಗಿಸಿದರು. ಕ್ಲಚ್ಚನ್ನು ಮೆಲ್ಲಗೆ, ಬೀಡಿ ಎಲೆ ಹರಿಯದ ಹಾಗೆ ಸುತ್ತುವಷ್ಟು ಹಗುರವಾಗಿ, ಮೇಲೆ ತಂದರು. ಎಂಜಿನ್ನಿನ ದನಿ ಇಳಿಯಿತು, ಕಾರಿನ ಮೂತಿ ಎಳ್ಳಷ್ಟು ಎದ್ದಿತು. ಅಲ್ಲೇ ಕಾಲು ನಿಲ್ಲಿಸಿದರು. ನನ್ನ ಎಡಗಾಲು ಸೀಟಿನ ಕೆಳಗೆ ನಡುಗುತ್ತಿತ್ತು. ಅಲ್ಲೇ ಇತ್ತು. ಹ್ಯಾಂಡ್‌ಬ್ರೇಕು ಇಳಿಸಿದರು. ಗಾಡಿ ಏರಿತು.

ಮೇಲೆ ಬದಿಗೆ ನಿಲ್ಲಿಸಿ ಪುಸ್ತಕ ತೆಗೆದರು. ಅವರ ಸಾಲಿನಲ್ಲಿ ಐದು. ಮೂರನೆಯ ಸಾಲಿಗೆ ಬಂದು ನನ್ನ ಮುಖ ನೋಡಿ, ದುಂಡಗೆ ಒಂದು ಸೊನ್ನೆ ಬರೆದರು. ಆ ಬೆಳಿಗ್ಗೆ ಒಂದೂ ತಡಕ್ ಆಗಿರಲಿಲ್ಲ, ನನಗೇ ಗೊತ್ತಾಗಿರಲಿಲ್ಲ.

"ಇದು ನಿಮ್ಮ ಸ್ವಂತದ್ದು ಮಾಷ್ಟ್ರೇ" ಎಂದರು. ನನ್ನ ಜೀವಮಾನದಲ್ಲಿ ಸೊನ್ನೆ ಸಿಕ್ಕಿ ಸಂತೋಷವಾದದ್ದು ಅದೇ ಮೊದಲು.

ಎರಡನೆಯ ಟೆಸ್ಟಿನ ದಿನ ಅವರ ಲೆಕ್ಕ ಎರಡರಲ್ಲಿ ನಿಂತಿತ್ತು. ಅರುವತ್ತರಲ್ಲಿ ಎರಡು. ಅವರು ಇಟ್ಟುಕೊಂಡ ಸೊನ್ನೆ ಬಂದಿರಲಿಲ್ಲ. "ಆ ಎರಡು ಇವತ್ತೇ ಬಂದರೆ?" ಎಂದು ದಾರಿಯಲ್ಲಿ ಒಮ್ಮೆ ಕೇಳಿದರು. ಗುಂಪಿನ ಇಬ್ಬರು ಹೆಂಗಸರು ಜೊತೆಗೆ ಬಂದಿದ್ದರು. ಮರುದಿನದ ಸಭೆಗೆ ಅವರು ಸೀರೆ ಇಸ್ತ್ರಿ ಮಾಡಿಟ್ಟು ಬಂದಿದ್ದಾರೆಂದು ಗೊತ್ತಾಗಿ ನನಗೆ ಇನ್ನೂ ಮಂಡೆಬಿಸಿ.

ಅದೇ ಇನ್‌ಸ್ಪೆಕ್ಟರರು. "ನೀವು ಇಳೀರಿ." ನಾನು ಇಳಿದು ಬೇಲಿಯ ಹತ್ತಿರ ನಿಂತೆ. ಸಮತಟ್ಟಿನಲ್ಲಿ ಈ ಸಲ ತಡವರಿಸಲಿಲ್ಲ. ಏರಿಗೆ ಹೋದರು, ನಡುವೆ ನಿಲ್ಲಿಸಿದರು. ಹೊರಟರು.

ಆಫ್.

ನನ್ನ ಪಕ್ಕದಲ್ಲಿದ್ದ ಹೆಂಗಸು ಸೆರಗು ಬಾಯಿಗೆ ಇಟ್ಟುಕೊಂಡರು. ಗಾಡಿ ಜಾರಲಿಲ್ಲ. ಇಷ್ಟು ದೂರದಿಂದ ಏನೂ ಕೇಳುವುದಿಲ್ಲ, ಕಾಣುವುದು ಎರಡು ತಲೆ ಮಾತ್ರ, ಒಂದೂ ಅಲುಗುತ್ತಿಲ್ಲ. ಎಷ್ಟು ಹೊತ್ತು ಆಗಿರಬಹುದು, ಹತ್ತು ಸೆಕೆಂಡು. ನನಗೆ ಅಷ್ಟರಲ್ಲಿ ಹೊಸ ಎಲ್‌ಎಲ್‌ಆರ್, ಮೂವತ್ತು ದಿನ, ಗಾಡಿಯ ಹಿಂದೆ ಚೀಲ ಎತ್ತುವ ವಾರಿಜಕ್ಕ ಎಲ್ಲ ಕಂಡಾಯಿತು. ಮತ್ತೆ ಹೊಗೆ ಕೊಳವೆಯಿಂದ ಸ್ವಲ್ಪ ಹೊಗೆ. ಕಾರಿನ ಮೂತಿ ಎಳ್ಳಷ್ಟು ಎದ್ದಿತು. ನಿಂತಿತು. ಆಮೇಲೆ ಏರಿತು, ಹಿಂದಕ್ಕೆ ಒಂದು ಬೆರಳಷ್ಟೂ ಜಾರದೆ.

ಇನ್‌ಸ್ಪೆಕ್ಟರರು 'ಉತ್ತೀರ್ಣ' ಎಂದು ಬರೆದರು. ಇಳಿಯುವ ಮೊದಲು ಎಡಗಡೆಯ ಪೆಡಲನ್ನು ಬೂಟಿನ ತುದಿಯಿಂದ ಒಮ್ಮೆ ಒತ್ತಿದರು. ತಡಕ್.

"ಇದು ಹಾಳಾಗಿದೆಯಲ್ಲ?" ಎಂದರು ನನ್ನತ್ತ ನೋಡಿ.

"ಇಲ್ಲ ಸಾರ್" ಎಂದೆ. "ಹಾಳಾಗಿದ್ದದ್ದು ಮೊದಲು."

ಅವರು ನಕ್ಕರೋ ಇಲ್ಲವೋ ಗೊತ್ತಾಗಲಿಲ್ಲ. "ನಾಳೆಯೇ ಸರಿ ಮಾಡಿಸಿ" ಎಂದು ಮುಂದಿನವರನ್ನು ಕರೆದರು. ರಾಡನ್ನು ಮರುದಿನವೇ ಹಾಕಿಸಿದೆವು, ನಿಯಮ ಹಾಗೆ. ಕಾಲನ್ನು ಎಲ್ಲಿ ಇಡಬೇಕು ಎನ್ನುವುದು ಮಾತ್ರ ಈಗ ನನಗೆ ಬಿಟ್ಟದ್ದು.

ಸಭೆಯಲ್ಲಿ ವಾರಿಜಕ್ಕನ ಹೆಸರು ದಾಖಲಾಯಿತು. ಮೊದಲ ದಿನ ನಕ್ಕವರು ಯಾರೆಂದು ಅವರಿಗೆ ಗೊತ್ತಿತ್ತಂತೆ. ಆ ನಕ್ಕವರ ಮನೆಯ ದಾರಿಯಿಂದಲೇ ಗಾಡಿ ಶುರುವಾಗುತ್ತದೆ ಎಂದು ಗುಂಪಿನವರು ಹೇಳುತ್ತಾರೆ. ನಾನು ಆ ವರ್ಷದಿಂದ ಪ್ರತಿ ಸ್ಟೂಡೆಂಟಿಗೂ ಒಂದು ಪುಸ್ತಕ ತರಲು ಹೇಳುತ್ತೇನೆ, ಮೂರು ಸಾಲು ನಾನೇ ಎಳೆದು ಕೊಡುತ್ತೇನೆ. ಈ ಕೆಲಸ ನನಗೆ ಕಲಿಸಿದ್ದು ಇದು: ಗುರಿ ಇಟ್ಟವರ ಪಕ್ಕದಲ್ಲಿ ಕುಳಿತವನಿಗೆ ತನ್ನ ಕೈಕಾಲು ಕಟ್ಟಿ ಕೂರುವುದೂ ಒಂದು ಅಭ್ಯಾಸ, ಅದನ್ನೂ ದಿನಕ್ಕೆ ಇಷ್ಟು ಎಂದು ಎಣಿಸಿಯೇ ಕಲಿಯಬೇಕು. ಇದನ್ನು ನಾನು ಪೂರ್ತಿ ಕಲಿತಿದ್ದೇನೆ ಎಂದು ಆರು ತಿಂಗಳು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಒಂದು ಬೆಳಿಗ್ಗೆ ಸ್ಕೂಲಿನ ಮುಂದೆ ಹಾರ್ನು. ಕಸದ ಗಾಡಿ. ಏರಿನಲ್ಲೇ ನಿಲ್ಲಿಸಿದ್ದಾರೆ, ಬೇಕೆಂದೇ. ಸ್ಟಿಯರಿಂಗಿನ ಹಿಂದೆ ವಾರಿಜಕ್ಕ, ಖಾಕಿ ಕೋಟು, ಮೂಗು ಗಾಜಿನಿಂದ ಬಹಳ ದೂರ. ನಾನು ಒಳಗಿನಿಂದ ಒಂದೇ ಚೀಲ ಎಳೆದುಕೊಂಡು ಬಂದೆ. ಅದರಲ್ಲಿ ಊಟದ ಉಳಿಕೆ, ಚಹಾದ ಕಪ್ಪು, ಮುರಿದ ಎಲ್-ಬೋರ್ಡು, ಎಲ್ಲ ಒಟ್ಟಿಗೆ. ಹಸಿ ಬೇರೆ, ಒಣ ಬೇರೆ ಕೊಡಬೇಕೆಂದು ಅವರು ನಾಲ್ಕು ವಾರದಿಂದ ಹೇಳುತ್ತಿದ್ದರು. ನಾನು ಅವರದೇ ದನಿ ತೆಗೆದು, ತುಟಿ ಕಚ್ಚಿ, "ಇವತ್ತೊಂದು ದಿನ ನೀವೇ ಬೇರೆ ಮಾಡಿಕೊಳ್ಳಿ ಮಾಷ್ಟ್ರೇ" ಎಂದೆ.

ಅವರು ಕೆಳಗಿಳಿದು, ಚೀಲದ ಬಾಯಿ ಬಿಚ್ಚಿ ನೋಡಿ, ಹಾಗೆಯೇ ನನ್ನ ಕೈಗೆ ವಾಪಸು ಕೊಟ್ಟರು.

"ನಾನು ಬೇರೆ ಮಾಡಿ ಕೊಟ್ಟರೆ ನಿಮ್ಮ ಪುಸ್ತಕದಲ್ಲಿ ಸೊನ್ನೆ ಬರ್ತದೆ ಮಾಷ್ಟ್ರೇ, ನಿಮಗೆ ಕೆಲಸ ಬರುವುದಿಲ್ಲ."